ಇಂಜಿನ್ ತಂಪಿಗೆ ಯಾವ ಡಬ್ಬಿ? ಕೂಲಂಟ್, ಅಡಿಟಿವ್, ನೀರಿಲ್ಲದ ದ್ರವ ಮತ್ತು ಸಿಂಥೆಟಿಕ್ ಆಯಿಲ್‌ಗಳ ಹೋಲಿಕೆ

ಬೇಸಿಗೆ ಬಂತೆಂದರೆ ಬಿಡಿಭಾಗದ ಅಂಗಡಿಯ ಕಪಾಟಿನಲ್ಲಿ ಹಸಿರು, ಗುಲಾಬಿ, ನೀಲಿ ಕೂಲಂಟ್ (ಇಂಜಿನ್ನಿನ ಶಾಖ ಹೊರುವ ದ್ರವ) ಡಬ್ಬಿಗಳು ಮುಂದಿನ ಸಾಲಿಗೆ ಬರುತ್ತವೆ. ಪಕ್ಕದಲ್ಲೇ ಕೂಲಂಟ್‌ಗೆ ಬೆರೆಸುವ ಪುಟ್ಟ ಬಾಟಲಿ, ಅದರಾಚೆ 'ಫುಲ್ಲಿ ಸಿಂಥೆಟಿಕ್' ಆಯಿಲ್. ಎಲ್ಲದರ ಮೇಲೂ ಬರೆದಿರುವುದು ಒಂದೇ: ಇದನ್ನು ಹಾಕಿ, ಇಂಜಿನ್ ತಂಪಾಗಿರುತ್ತದೆ. ಎಷ್ಟು ಡಿಗ್ರಿ ಎಂಬ ಲೆಕ್ಕವನ್ನೂ ಕೆಲವು ಕೊಡುತ್ತವೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸುಸ್ಥಿತಿಯಲ್ಲಿರುವ ಕಾರಿನಲ್ಲಿ, ದಿನನಿತ್ಯದ ಓಡಾಟದಲ್ಲಿ, ಇವುಗಳಲ್ಲಿ ಯಾವುದೂ ತಾಪಮಾನ ಇಳಿಸುವುದಿಲ್ಲ. ರೇಡಿಯೇಟರ್ ತನ್ನ ಮಿತಿ ಮುಟ್ಟಿ ಏದುಸಿರು ಬಿಡುವಾಗ ಮಾತ್ರ ಕೆಲವು ಡಿಗ್ರಿಗಳ ವ್ಯತ್ಯಾಸ ಕಾಣಬಹುದು. ಒಂದು ಬಗೆಯ ದ್ರವವಂತೂ ಬಿಸಿಯನ್ನು ಏರಿಸುತ್ತದೆ. ಹಾಗಿದ್ದರೂ ಆಯ್ಕೆ ಮುಖ್ಯವೇ. ಆದರೆ ಅದಕ್ಕೆ ಕಾರಣಗಳು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದವಲ್ಲ.

ತಾಪಮಾನ ಯಾರ ಕೈಯಲ್ಲಿದೆ

ಇಂಜಿನ್ ಎಷ್ಟು ಬಿಸಿಯಲ್ಲಿ ಓಡಬೇಕೆಂದು ಅದನ್ನು ಮಾಡಿದವರು ಮೊದಲೇ ಗೊತ್ತುಮಾಡಿರುತ್ತಾರೆ. ಕೂಲಂಟ್ ದಾರಿಯ ಕವಾಟವಾದ ಥರ್ಮೋಸ್ಟಾಟ್ ಒಳಗಿನ ಮೇಣ ಹೆಚ್ಚಿನ ಕಾರುಗಳಲ್ಲಿ 82ರಿಂದ 88 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗಿ ಹಿಗ್ಗತೊಡಗುತ್ತದೆ, ರೇಡಿಯೇಟರ್‌ನತ್ತ ದಾರಿ ಬಿಡುತ್ತದೆ. 95ರ ಸುಮಾರಿಗೆ ಪೂರ್ತಿ ತೆರೆದಿರುತ್ತದೆ. ದ್ರವ ತಣ್ಣಗಾದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಹೊಸ ದ್ರವ ಎಷ್ಟೇ ಚೆನ್ನಾಗಿ ಶಾಖ ಎಳೆದರೂ ಥರ್ಮೋಸ್ಟಾಟ್ ಅಷ್ಟೇ ದಾರಿಯನ್ನು ಕಿರಿದು ಮಾಡಿ ಲೆಕ್ಕ ಸರಿಹೊಂದಿಸುತ್ತದೆ. ಮೀಟರ್‌ನಲ್ಲಿ ನಿಮಗೆ ಕಾಣುವುದು ಮೊದಲಿದ್ದ ಅದೇ 90.

'ನಮ್ಮ ಸೆಕೆಗೆ ಇದು ಯಾಕೆ ಸಾರ್' ಎಂದು ಥರ್ಮೋಸ್ಟಾಟನ್ನೇ ಕಿತ್ತುಹಾಕುವ ಗ್ಯಾರೇಜುಗಳು ಇನ್ನೂ ಇವೆ. ಹಳೆಯ ಡೀಸೆಲ್ ಗಾಡಿಗಳ ಕಾಲದ ಅಭ್ಯಾಸ ಅದು. ಈಗಿನ ಕಾರಿನಲ್ಲಿ ಹಾಗೆ ಮಾಡಿದರೆ ಇಂಜಿನ್ ಸರಿಯಾಗಿ ಬಿಸಿಯೇರದೆ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್‌ನಲ್ಲಿ ಕೆಸರು ಕಟ್ಟುತ್ತದೆ. ಚೆಕ್ ಇಂಜಿನ್ ದೀಪ ಹತ್ತಿ ಸ್ಕ್ಯಾನರ್‌ನಲ್ಲಿ ಪಿ0128 ಎಂಬ ಕೋಡ್ ಬರುತ್ತದೆ. 'ಕೂಲಂಟ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ' ಎನ್ನುವುದು ಅದರ ಅರ್ಥ. ತಂಪಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿಗೇ ಮುಗಿಯಬೇಕು.

ಎರಡನೆಯ ಯಜಮಾನ ಗಾಳಿ. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಪಾಲು ಕೆಲಸಕ್ಕೆ ಬರುತ್ತದೆ, ಇನ್ನೊಂದು ಸೈಲೆನ್ಸರ್‌ನಲ್ಲಿ ಹೋಗುತ್ತದೆ, ಉಳಿದದ್ದರ ಬಹುಭಾಗ ಕೂಲಂಟ್ ಪಾಲು. ಆ ಶಾಖ ಲೋಹದಿಂದ ದ್ರವಕ್ಕೆ, ದ್ರವದಿಂದ ರೇಡಿಯೇಟರ್‌ಗೆ, ಅಲ್ಲಿಂದ ಗಾಳಿಗೆ ದಾಟಬೇಕು. ಕೊನೆಯ ದಾಟುವಿಕೆಯೇ ಕಷ್ಟದ್ದು. ಗಾಳಿ ಶಾಖ ಹೊರುವುದರಲ್ಲಿ ತೀರಾ ಬಡವ. ರೇಡಿಯೇಟರ್‌ಗೆ ಅಷ್ಟೊಂದು ತೆಳು ರೆಕ್ಕೆಗಳನ್ನು ಕೊಟ್ಟಿರುವುದೇ ಅದಕ್ಕೆ. ಒಟ್ಟು ಅಡೆತಡೆಯ ಬಹುಪಾಲು ಗಾಳಿಯ ಕಡೆಗೇ ಇರುವಾಗ ದ್ರವದ ಕಡೆಯನ್ನು ಎಷ್ಟು ತಿದ್ದಿದರೂ ಸಿಗುವ ಲಾಭ ಚಿಕ್ಕದು. ರೆಕ್ಕೆಗಳ ನಡುವೆ ಕೂತ ಧೂಳು, ಹುಳ, ಭತ್ತದ ಹೊಟ್ಟನ್ನು ತೊಳೆದರೆ ಬರುವ ವ್ಯತ್ಯಾಸ ಅದಕ್ಕಿಂತ ದೊಡ್ಡದು, ಖರ್ಚು ನೀರಿನದಷ್ಟೇ. ಪ್ರೆಷರ್ ವಾಶ್ ಮಾತ್ರ ಹತ್ತಿರ ಹಿಡಿಯಬೇಡಿ, ರೆಕ್ಕೆ ಮಡಚಿಕೊಳ್ಳುತ್ತದೆ.

ಬರಿ ನೀರೋ, ಕೂಲಂಟೋ

ಶಾಖ ಹೊರುವ ಪಂದ್ಯ ಇಟ್ಟರೆ ನೀರೇ ಗೆಲ್ಲುತ್ತದೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಬೇಕು. ಕೂಲಂಟ್‌ನ ಮುಖ್ಯ ದ್ರವವಾದ ಎಥಿಲೀನ್ ಗ್ಲೈಕಾಲ್ ಅರ್ಧ, ನೀರು ಅರ್ಧ ಇರುವ ಮಿಶ್ರಣಕ್ಕೆ ಇಂಜಿನ್ನಿನ ಬಿಸಿಯಲ್ಲಿ 3.5ರಷ್ಟು ಸಾಕು. ಮಿಶ್ರಣ ಮಂದವೂ ಹೌದು. ಶಾಖವನ್ನು ತನ್ನೊಳಗೆ ಹಾಯಿಸುವುದರಲ್ಲೂ ಹಿಂದೆ. ಹೀಗಾಗಿ ಬರಿ ನೀರಿದ್ದಾಗ ರೇಡಿಯೇಟರ್ ದಾಟುವಷ್ಟರಲ್ಲಿ ಎಂಟು ಡಿಗ್ರಿ ಇಳಿಯುತ್ತಿದ್ದರೆ, ಅದೇ ಹರಿವಿನಲ್ಲಿ ಅಷ್ಟೇ ಶಾಖ ಹೊರಹಾಕಲು ಮಿಶ್ರಣ ಒಂಬತ್ತು ಡಿಗ್ರಿ ಇಳಿಯಬೇಕು. 'ಕೂಲಂಟ್ ಹಾಕಿದ ಮೇಲೆ ಗಾಡಿ ತಂಪಾಯಿತು' ಎನ್ನುವವರ ಅನುಭವ ಸುಳ್ಳಲ್ಲ, ಆದರೆ ಕಾರಣ ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ಹಾಗಾದರೆ ಕೂಲಂಟ್ ಯಾಕೆ? ಮೊದಲನೆಯದು ಕುದಿಬಿಂದು. ಸಮುದ್ರ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನ 920 ಮೀಟರ್ ಎತ್ತರದಲ್ಲಿ 97ಕ್ಕೇ ಕುದಿಯುತ್ತದೆ. ಅದನ್ನು ತಡೆಯಲೆಂದೇ ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಡುತ್ತದೆ. ಅಡುಗೆಮನೆಯ ಕುಕ್ಕರ್ ಮಾಡುವುದೂ ಇದನ್ನೇ. 0.9 (ಬಾರ್ ಒತ್ತಡ) ಎಂದು ಬರೆದ ಮುಚ್ಚಳ ಸರಿಯಿದ್ದರೆ ಬರಿ ನೀರು ಸಮುದ್ರ ಮಟ್ಟದಲ್ಲಿ 118ರ ಆಸುಪಾಸಿಗೆ, ಅರ್ಧಕ್ಕರ್ಧ ಮಿಶ್ರಣ 125ರ ಮೇಲೆ ಕುದಿಯುತ್ತದೆ. ಮುಚ್ಚಳದ ರಬ್ಬರ್ ಸತ್ತಿದ್ದರೆ ಈ ಲೆಕ್ಕವೆಲ್ಲ ನೀರುಪಾಲು. ನೀರಾಗಲಿ ಮಿಶ್ರಣವಾಗಲಿ, 100–107ಕ್ಕೆಲ್ಲ ಬುಸುಗುಟ್ಟುತ್ತದೆ. ಘಾಟಿಯಲ್ಲಿ ಬಾನೆಟ್ ಎತ್ತಿ ನಿಂತ ಎಷ್ಟೋ ಕಾರುಗಳ ಕಾಯಿಲೆ ಈ ಅಗ್ಗದ ಮುಚ್ಚಳ.

ಎರಡನೆಯದು ತುಕ್ಕು. ನಮಗೆ ಮುಖ್ಯವಾದದ್ದು ಇದೇ. ರೇಡಿಯೇಟರ್ ಅಲ್ಯೂಮಿನಿಯಂ, ಇಂಜಿನ್ನಿನ ಮೇಲ್ಭಾಗವಾದ ಹೆಡ್ ಅಲ್ಯೂಮಿನಿಯಂ, ಅದರ ಕೆಳಗಿನ ಬ್ಲಾಕ್ ಕೆಲವದರಲ್ಲಿ ಎರಕದ ಕಬ್ಬಿಣ. ನೀರಿನಲ್ಲಿ ಇವೆಲ್ಲ ಒಟ್ಟಿಗೆ ಇದ್ದರೆ ಒಂದನ್ನೊಂದು ತಿನ್ನುತ್ತವೆ. ಕೋಲಾರ, ಚಿಕ್ಕಬಳ್ಳಾಪುರ, ವಿಜಯಪುರದ ಕಡೆಯ ಗಡಸು ಬೋರ್‌ವೆಲ್ ನೀರಾದರೆ ಕೇಳುವುದೇ ಬೇಡ. ಬಿಸಿ ಲೋಹದ ಮೇಲೆ ಸುಣ್ಣದ ಪದರ ಕೂರುತ್ತದೆ, ಆ ಪದರ ಅಲ್ಯೂಮಿನಿಯಂಗಿಂತ ಸುಮಾರು ನೂರು ಪಟ್ಟು ಕಡಿಮೆ ಶಾಖ ಹಾಯಿಸುತ್ತದೆ. ಬರಿ ನೀರು ಮೊದಲ ದಿನ ಗೆದ್ದ ಒಂದು ಡಿಗ್ರಿಯನ್ನು ಎರಡು ಬೇಸಿಗೆಯೊಳಗೆ ಬಡ್ಡಿ ಸಮೇತ ಕಳೆಯುವುದು ಹೀಗೆ.

ಹೆಪ್ಪುಗಟ್ಟುವ ಚಿಂತೆ ಲಡಾಖ್, ಸ್ಪಿತಿಗೆ ಹೊರಟವರಿಗೆ ಬಿಟ್ಟರೆ ನಮಗಿಲ್ಲ. ಅರ್ಧಕ್ಕರ್ಧ ಮಿಶ್ರಣ ಮೈನಸ್ 37ರವರೆಗೆ ಹೆಪ್ಪುಗಟ್ಟದು. ಮೈಸೂರಿನಲ್ಲಿ ಅದರಿಂದ ಏನೂ ಆಗಬೇಕಾದ್ದಿಲ್ಲ. ಆದ್ದರಿಂದ ಇಲ್ಲೇ ಓಡುವ ಗಾಡಿಗೆ ಗ್ಲೈಕಾಲ್ ಮೂರನೇ ಒಂದು ಪಾಲಿದ್ದರೂ ನಡೆಯುತ್ತದೆ. ಅದಕ್ಕಿಂತ ತೆಳು ಮಾಡಿದರೆ ತುಕ್ಕು ತಡೆಯುವ ರಾಸಾಯನಿಕವೂ ತೆಳುವಾಗುತ್ತದೆ. ಬೆರೆಸುವ ನೀರು ಡಿಸ್ಟಿಲ್ಡ್ ಇರಲಿ, ಇಲ್ಲವೇ ಡಿಮಿನರಲೈಸ್ಡ್ ಇರಲಿ. ಮನೆಯ ಆರ್‌ಓ ನೀರು ತುರ್ತಿಗೆ ಆದೀತು.

ಪುಟ್ಟ ಬಾಟಲಿಯ ಅಡಿಟಿವ್

ಈ ವರ್ಗದ ಹೆಸರಾಂತ ಸರಕು ಅಮೆರಿಕದ ರೆಡ್ ಲೈನ್ ಕಂಪನಿಯ ವಾಟರ್ ವೆಟರ್. ಅದೇ ಬಗೆಯವನ್ನು ಬೇರೆ ಕಂಪನಿಗಳೂ ಮಾಡುತ್ತವೆ. ಇವುಗಳ ಹಿಂದಿನ ವಿಜ್ಞಾನ ಬುರುಡೆಯಲ್ಲ. ಎಗ್ಸಾಸ್ಟ್ ವಾಲ್ವ್‌ಗಳ ಸುತ್ತ ಹೆಡ್ಡಿನ ಲೋಹ ಎಷ್ಟು ಬಿಸಿಯಿರುತ್ತದೆಂದರೆ, ಅದಕ್ಕೆ ತಾಗಿದ ಕೂಲಂಟ್ ಸಣ್ಣ ಸಣ್ಣ ಗುಳ್ಳೆಗಳಾಗಿ ಕುದಿಯುತ್ತಲೇ ಇರುತ್ತದೆ. ಗುಳ್ಳೆ ಹುಟ್ಟಿ ತಕ್ಷಣ ಕಳಚಿಕೊಂಡರೆ ಒಳ್ಳೆಯದು, ತನ್ನೊಡನೆ ಶಾಖ ಹೊತ್ತೊಯ್ಯುತ್ತದೆ. ಅಂಟಿಕೊಂಡು ಕೂತರೆ ಆವಿಯ ಪರದೆಯಾಗಿ ಲೋಹಕ್ಕೂ ದ್ರವಕ್ಕೂ ನಡುವೆ ನಿಲ್ಲುತ್ತದೆ. ಅಡಿಟಿವ್ ದ್ರವದ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ, ಗುಳ್ಳೆ ಚಿಕ್ಕದಿರುವಾಗಲೇ ಬಿಡಿಸಿಕೊಳ್ಳುತ್ತದೆ, ಲೋಹ ಚೆನ್ನಾಗಿ ನೆನೆಯುತ್ತದೆ. ಇದರ ಲಾಭ ಮುಖ್ಯವಾಗಿ ಹೆಡ್ಡಿನ ಲೋಹಕ್ಕೆ. ಡ್ಯಾಶ್‌ಬೋರ್ಡಿನ ಸೆನ್ಸರ್ ಅಳೆಯುವುದು ದ್ರವವನ್ನು, ಆ ಲೋಹವನ್ನಲ್ಲ.

ರೇಸ್‌ಗೆ ಇದು ಅರ್ಥಪೂರ್ಣ. ಗ್ಲೈಕಾಲ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆಂದು ಹಲವು ರೇಸ್ ಸಂಘಟನೆಗಳು ಅದನ್ನು ನಿಷೇಧಿಸಿವೆ. ಬರಿ ನೀರು ಹಾಕಬೇಕು, ತುಕ್ಕು ಹಿಡಿಯಬಾರದು, ಇಂಜಿನ್ ಸದಾ ಪೂರ್ತಿ ದುಡಿಯುತ್ತಿರುತ್ತದೆ. ಅಲ್ಲಿ ನೀರಿನ ಜೊತೆ ಈ ಬಾಟಲಿ ಬೆರೆಸುವುದು ಸರಿಯಾದ ಮದ್ದು.

ಈಗ ಡಬ್ಬಿಯ ಮಾತಿಗೆ ಬನ್ನಿ. ವಾಟರ್ ವೆಟರ್‌ನ ಹೇಳಿಕೆ '20 ಡಿಗ್ರಿವರೆಗೆ' ಎಂದು. ಅದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 11 ಡಿಗ್ರಿ. 'ವರೆಗೆ' ಎಂಬ ಪದದ ಮೇಲೂ ಕಣ್ಣಿಡಿ. ಕಂಪನಿ ಕೊಡುವ ಅಂಕಿಗಳಲ್ಲೇ ಹೆಚ್ಚಿನ ಇಳಿಕೆ ಬರಿ ನೀರಿಗೆ ಬೆರೆಸಿದಾಗ. ಅರ್ಧ ಗ್ಲೈಕಾಲ್ ಇರುವ ಮಿಶ್ರಣಕ್ಕೆ ಬೆರೆಸಿದರೆ ಲಾಭ ಅರ್ಧಕ್ಕಿಂತ ಕೆಳಗೆ. ನಿಮ್ಮ ಕಾರಿನಲ್ಲಿ ಇರುವುದು ಆ ಮಿಶ್ರಣವೇ. ಮೇಲಾಗಿ ಥರ್ಮೋಸ್ಟಾಟ್ ಇನ್ನೂ ಪೂರ್ತಿ ತೆರೆಯದ ಸ್ಥಿತಿಯಲ್ಲಿ ಆ ಚೂರು ಲಾಭವೂ ಮೀಟರ್‌ಗೆ ತಲುಪುವುದಿಲ್ಲ.

ಕೊಳ್ಳುವುದೇ ಆದರೆ ಇಡೀ ಬಾಟಲಿ ಸುರಿಯಬೇಡಿ. ಒಂದು ಬಾಟಲಿ ಹತ್ತು ಲೀಟರಿಗೂ ಹೆಚ್ಚು ಹಿಡಿಯುವ ದೊಡ್ಡ ಇಂಜಿನ್ನಿಗಾಗಿ ಇರುವಂಥದ್ದು. ನಮ್ಮ ಹ್ಯಾಚ್‌ಬ್ಯಾಕುಗಳಲ್ಲಿ ಹಿಡಿಯುವುದು ನಾಲ್ಕರಿಂದ ಆರು ಲೀಟರ್. ಗ್ಯಾರಂಟಿ ಇನ್ನೂ ಇರುವ ಕಾರಿಗಂತೂ ಇದು ಬೇಡವೇ ಬೇಡ, ನಾಳೆ ವಾಟರ್ ಪಂಪ್ ಸೋರಿದರೆ ಸರ್ವಿಸ್ ಸೆಂಟರ್‌ನವರಿಗೆ ಒಂದು ನೆಪ ಸಿಗುತ್ತದೆ.

ನೀರೇ ಇಲ್ಲದ ಕೂಲಂಟ್

ಇವಾನ್ಸ್ ಕಂಪನಿಯ ವಾಟರ್‌ಲೆಸ್ ಕೂಲಂಟ್ ಈ ಗುಂಪಿನ ಪ್ರಸಿದ್ಧ ಹೆಸರು. ಪೂರ್ತಿ ಗ್ಲೈಕಾಲ್, ಕುದಿಬಿಂದು 180 ಡಿಗ್ರಿಯ ಮೇಲೆ. ಕುದಿಯದು, ಒತ್ತಡ ಕಟ್ಟದು, ನೀರೇ ಇಲ್ಲದ್ದರಿಂದ ತುಕ್ಕಿನ ಕಾಟವೂ ಕಡಿಮೆ. ಶೆಡ್ಡಿನಲ್ಲಿ ನಿಂತೇ ಇರುವ ವಿಂಟೇಜ್ ಕಾರಿಗೆ ಚೆನ್ನ.

ಆದರೆ ಇಂಜಿನ್ ತಂಪಾಗಬೇಕು ಎಂದು ಇದನ್ನು ಕೊಂಡವರು ಮೋಸ ಹೋದಂತೆ. ಶಾಖ ಹೊರುವ ಶಕ್ತಿ ನೀರಿನ ಮೂರನೇ ಎರಡು ಪಾಲಷ್ಟೇ, ಮಂದತೆ ಬಹಳ ಹೆಚ್ಚು. ಅದೇ ರೇಡಿಯೇಟರ್, ಅದೇ ಪಂಪ್ ಇದ್ದರೆ ಮೀಟರ್ ಮೇಲಕ್ಕೇ ಹೋಗುತ್ತದೆ. ಕುದಿಯುವುದಿಲ್ಲ ಎಂದರೆ ಬಿಸಿಯಾಗುವುದಿಲ್ಲ ಎಂದರ್ಥವಲ್ಲ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್‌ಗೂ ಆಯಿಲ್‌ಗೂ ಆ ಬಿಸಿ ತಾಗಿಯೇ ತಾಗುತ್ತದೆ. ಹಾಕುವ ಮುನ್ನ ಹಳೆಯ ನೀರಿನ ಪಸೆಯನ್ನೆಲ್ಲ ತೆಗೆಯಬೇಕು, ಬೆಲೆಯೂ ದುಬಾರಿ. ಚಾರ್ಮಾಡಿಯ ನಡುವೆ ಹೋಸ್ ಪೈಪ್ ಸೀಳಿದರೆ ಕೊಟ್ಟಿಗೆಹಾರದ ಅಂಗಡಿಯಲ್ಲಿ ಇದರ ಡಬ್ಬಿ ಸಿಗುವುದಿಲ್ಲ. ನೀರು ಸುರಿದ ಕ್ಷಣ ಕೊಟ್ಟ ದುಡ್ಡೂ ಹರಿದುಹೋಯಿತು.

ಬಣ್ಣ ನೋಡಿ ಕೊಳ್ಳಬೇಡಿ

ಹಸಿರು ಹಳೆಯದು, ಗುಲಾಬಿ ಹೊಸದು, ನೀಲಿ ಒಳ್ಳೆಯದು ಎಂಬ ಮಾತಿಗೆ ಅರ್ಥವಿಲ್ಲ. ಬಣ್ಣಕ್ಕೆ ಯಾವ ಕಾನೂನೂ ಇಲ್ಲ, ಕಂಪನಿ ತನಗೆ ಬೇಕಾದ್ದನ್ನು ಹಾಕುತ್ತದೆ. ಒಳಗಿನ ತುಕ್ಕುನಿರೋಧಕ ಯಾವ ಬಗೆಯದು ಎನ್ನುವುದಷ್ಟೇ ಮುಖ್ಯ. ಸಿಲಿಕೇಟ್ ಇರುವ ಹಳೆಯ ಬಗೆ ಎರಡು ವರ್ಷದ ಆಸುಪಾಸಿನಲ್ಲಿ ಸವೆಯುತ್ತದೆ, ಸಾವಯವ ಆಮ್ಲದ ಬಗೆ ಐದು ವರ್ಷ ದಾಟುತ್ತದೆ. ಎರಡನ್ನೂ ಬೆರೆಸಿದರೆ ಬಾಳಿಕೆ ಕುಗ್ಗುತ್ತದೆ, ಕೆಲವೊಮ್ಮೆ ಲೋಳೆಯೂ ಕಟ್ಟುತ್ತದೆ. ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಬರೆದ ಬಗೆಯನ್ನೇ ಹಾಕಿ. ಡಬ್ಬಿಯ ಮೇಲೆ ಐಎಸ್ 5759 ಅಥವಾ ಎಎಸ್‌ಟಿಎಂ ಡಿ3306 ಎಂಬ ಮಾನದಂಡ ಕಾಣಬೇಕು. ಎರಡೂ ಇಲ್ಲದೆ ಬರಿ 'ಸೂಪರ್ ಕೂಲ್' ಎಂದಿದ್ದರೆ ಅದು ಬಣ್ಣದ ನೀರಾಗಿರುವ ಸಂಭವವೇ ಹೆಚ್ಚು. 'ರೆಡಿ ಟು ಯೂಸ್' ಎಂದಿದ್ದರೆ ಮತ್ತೆ ನೀರು ಬೆರೆಸಬಾರದು. ಕಾನ್ಸೆಂಟ್ರೇಟ್ ಆದರೆ ಬೆರೆಸಲೇಬೇಕು.

ಎಥಿಲೀನ್ ಗ್ಲೈಕಾಲ್ ಸಿಹಿ, ಜೊತೆಗೆ ವಿಷ. ಹಳೆಯ ಕೂಲಂಟನ್ನು ಅಂಗಳದಲ್ಲಿ ಚೆಲ್ಲಿದರೆ ಬೀದಿನಾಯಿ ನೆಕ್ಕಿ ಸಾಯುತ್ತದೆ, ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಟ್ಟರೆ ಮನೆಯ ಮಗುವಿಗೇ ಅಪಾಯ.

ಸಿಂಥೆಟಿಕ್ ಆಯಿಲ್ ತಂಪು ಮಾಡುತ್ತದೆಯೇ

ಪಿಸ್ಟನ್ನಿನ ತಳ, ಕ್ರ್ಯಾಂಕಿನ ಬೇರಿಂಗ್, ಟರ್ಬೊ ದಂಡ ಇವೆಲ್ಲವನ್ನು ತಂಪಾಗಿಡುವುದು ಆಯಿಲ್‌ನ ಕೆಲಸವೂ ಹೌದು. ಆದರೆ ಶಾಖ ಹೊರುವುದರಲ್ಲಿ ಮಿನರಲ್ ಆಯಿಲ್‌ಗೂ ಸಿಂಥೆಟಿಕ್‌ಗೂ ಹೇಳಿಕೊಳ್ಳುವ ಅಂತರವಿಲ್ಲ. ಎರಡೂ ನೀರಿನ ಅರ್ಧದಷ್ಟು ಹೊರುತ್ತವೆ. ಸಿಂಥೆಟಿಕ್‌ನ ಹೆಚ್ಚುಗಾರಿಕೆ ಬಿಸಿಯನ್ನು ತಾಳಿಕೊಳ್ಳುವುದರಲ್ಲಿದೆ. ಅಷ್ಟೇ ಬಿಸಿಯಲ್ಲಿ ಅದು ನಿಧಾನವಾಗಿ ಕೆಡುತ್ತದೆ, ಟರ್ಬೊದೊಳಗೆ ಸುಟ್ಟು ಕರಕಲಾಗುವುದು ಕಡಿಮೆ. ಟರ್ಬೊ ಪೆಟ್ರೋಲ್ ಕಾರಿಗೆ ಅದಕ್ಕಾಗಿ ದುಡ್ಡು ಕೊಡಬಹುದು, ಮೀಟರಿನ ಮುಳ್ಳಿಗಾಗಿ ಅಲ್ಲ. ಅಂದಹಾಗೆ 'ಸಿಂಥೆಟಿಕ್' ಎಂಬುದೂ ಸಡಿಲ ಪದ. ಅತಿಯಾಗಿ ಶುದ್ಧೀಕರಿಸಿದ ಕಚ್ಚಾತೈಲದ ಆಯಿಲನ್ನೂ ಹಾಗೆ ಕರೆಯಬಹುದೆಂದು ಅಮೆರಿಕದ ಜಾಹೀರಾತು ಸ್ವಯಂನಿಯಂತ್ರಣ ಮಂಡಳಿಯೊಂದು ಮೊಬಿಲ್–ಕ್ಯಾಸ್ಟ್ರಾಲ್ ತಗಾದೆಯಲ್ಲಿ 1999ರಲ್ಲಿ ಒಪ್ಪಿತು.

ಗಾಳಿಯಿಂದಲೇ ತಣಿಯುವ ಬೈಕುಗಳ ವಿಷಯದಲ್ಲಿ ಈ ನಂಬಿಕೆ ಇನ್ನೂ ಗಟ್ಟಿ. ಆಯಿಲ್ ಬದಲಿಸಿದ ಮೇಲೆ ತೊಡೆಗೆ ತಾಗುವ ಬಿಸಿ ಕಡಿಮೆಯಾಯಿತು ಎನ್ನುತ್ತಾರೆ. ಹಳೆಯ ಕಪ್ಪು ಆಯಿಲ್ ಹೋಗಿ ಸರಿಯಾದ ಮಟ್ಟಕ್ಕೆ ಹೊಸದು ಬಂದರೆ ಯಾವ ಆಯಿಲ್ ಆದರೂ ಇಂಜಿನ್ ಹಗುರಾಗಿ ಓಡುತ್ತದೆ. ಬೈಕಿಗೆ ಕಾರಿನ ಆಯಿಲ್ ಹಾಕಬಾರದು. ಬಹುತೇಕ ಬೈಕುಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ ಜಪಾನಿನ ಮಾನದಂಡವಾದ ಜಾಸೊ ಎಂಎ ಅಥವಾ ಎಂಎ2 ಗುರುತಿರುವುದೇ ಬೇಕು, ಇಲ್ಲವಾದರೆ ಕ್ಲಚ್ ಜಾರುತ್ತದೆ.

'ಹಾಕಿದ ಮೇಲೆ ಇಳಿಯಿತು' ಎನ್ನುವವರಿಗೆ

ಅಡಿಟಿವ್ ಹಾಕುವ ದಿನ ಗ್ಯಾರೇಜಿನಲ್ಲಿ ನಡೆಯುವುದನ್ನು ಗಮನಿಸಿ. ಹಳೆಯ ಕೆಂಪು ನೀರು ಇಳಿಸುತ್ತಾರೆ, ಫ್ಲಶ್ ಮಾಡುತ್ತಾರೆ, ಹೊಸ ಕೂಲಂಟ್ ತುಂಬುತ್ತಾರೆ, ಹೋಸ್ ಹಿಸುಕಿ ಒಳಗೆ ಸಿಕ್ಕಿದ ಗಾಳಿ ತೆಗೆಯುತ್ತಾರೆ, ಕೊನೆಗೆ ಆ ಪುಟ್ಟ ಬಾಟಲಿ. ಮರುದಿನ ಗಾಡಿ ಸುಧಾರಿಸಿದರೆ ಹೆಸರು ಬರುವುದು ಬಾಟಲಿಗೆ. ಮಟ್ಟ ಕಡಿಮೆಯಿದ್ದ, ಒಳಗೆ ಗಾಳಿ ಸಿಕ್ಕಿದ್ದ ವ್ಯವಸ್ಥೆ ಸರಿಯಾದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಡ್ಯಾಶ್‌ಬೋರ್ಡಿನ ಮುಳ್ಳನ್ನು ಸಾಕ್ಷಿಗೆ ಕರೆಯುವಂತಿಲ್ಲ. ಗ್ರಾಹಕ ಗಾಬರಿಯಾಗದಿರಲಿ ಎಂದು ಹೆಚ್ಚಿನ ಕಂಪನಿಗಳು ಅದನ್ನು ವಿಶಾಲ ವ್ಯಾಪ್ತಿಯೊಳಗೆ ನಡುವೆಯೇ ನಿಲ್ಲುವಂತೆ ಮಾಡಿರುತ್ತವೆ. ದ್ರವ 85 ಇರಲಿ, 100 ಇರಲಿ, ಮುಳ್ಳು ಅಲ್ಲೇ. ಅಳೆಯಬೇಕೆಂದರೆ ಇಂಜಿನ್ ಕಂಪ್ಯೂಟರಿನ ಮಾಹಿತಿ ಓದಲು ಸ್ಟೀರಿಂಗ್ ಕೆಳಗಿರುವ ಓಬಿಡಿ ಕಿಂಡಿಗೆ ಬ್ಲೂಟೂತ್ ರೀಡರ್ ಚುಚ್ಚಿ ಮೊಬೈಲಿನಲ್ಲಿ ಕೂಲಂಟ್ ತಾಪಮಾನ ನೋಡಿ, ಒಂದೊಂದು ಡಿಗ್ರಿಯೂ ಕಾಣುತ್ತದೆ. ಒಂದೇ ಘಾಟಿ, ಅಷ್ಟೇ ಜನ, ಏಸಿ ಹಾಗೆಯೇ ಇರಲಿ. ಹೊರಗಿನ ಗಾಳಿಯ ತಾಪಮಾನವನ್ನೂ ಬರೆದುಕೊಳ್ಳಿ, ಏಕೆಂದರೆ ರೇಡಿಯೇಟರ್ ಮಿತಿ ಮುಟ್ಟಿದ ಮೇಲೆ ಹೊರಗೆ ಐದು ಡಿಗ್ರಿ ಏರಿದರೆ ಒಳಗೂ ಹೆಚ್ಚುಕಡಿಮೆ ಐದು ಏರುತ್ತದೆ. ನಿನ್ನೆ ಮಧ್ಯಾಹ್ನ ಬಾಟಲಿ ಇಲ್ಲದೆ ಶಿರಾಡಿ ಹತ್ತಿ, ಇವತ್ತು ಬೆಳಿಗ್ಗೆ ಬಾಟಲಿ ಹಾಕಿ ಹತ್ತಿದವರು ಅಳೆದದ್ದು ಬೆಳಗಿನ ತಂಪನ್ನು.

ಯಾರಿಗೆ ಯಾವುದು

ಊರೊಳಗೆ, ಹೆದ್ದಾರಿಯಲ್ಲಿ ಓಡುವ ಸಾಮಾನ್ಯ ಕಾರಿಗೆ ಮ್ಯಾನ್ಯುಯಲ್ ಹೇಳಿದ ಕೂಲಂಟ್, ಹೇಳಿದ ಅವಧಿಗೆ. ಬೇರೇನೂ ಬೇಡ. ವಾರಕ್ಕೆರಡು ಸಲ ಮಂಗಳೂರಿನಿಂದ ತುಂಬಿದ ಗಾಡಿಯಲ್ಲಿ ಘಾಟಿ ಹತ್ತುವವರು, ಕಲಬುರಗಿ–ರಾಯಚೂರಿನ 43 ಡಿಗ್ರಿಯಲ್ಲಿ ಟ್ಯಾಕ್ಸಿ ಓಡಿಸುವವರು ಗ್ಲೈಕಾಲನ್ನು ಮೂರನೇ ಒಂದು ಪಾಲಿಗೆ ಇಳಿಸಿ, ಉಳಿದದ್ದು ಡಿಸ್ಟಿಲ್ಡ್ ನೀರು ಮಾಡಿದರೆ ಮ್ಯಾನ್ಯುಯಲ್ ಒಪ್ಪುವ ಮಿತಿಯಲ್ಲಿ ಚೂರು ಲಾಭವಿದೆ. ಅದರ ಮೇಲೂ ಅಡಿಟಿವ್ ಹಾಕುತ್ತೇನೆಂದರೆ ಹಾನಿಯಿಲ್ಲ, ಆದರೆ ಮೊದಲು ಹೊಸ ಮುಚ್ಚಳ, ಶುಚಿಯಾದ ರೇಡಿಯೇಟರ್. ಟ್ರ್ಯಾಕ್‌ಗೆ ನೀರು ಮತ್ತು ಅಡಿಟಿವ್. ವಿಂಟೇಜ್‌ಗೆ ವಾಟರ್‌ಲೆಸ್. ಲಡಾಖ್‌ಗೆ ಅರ್ಧಕ್ಕರ್ಧ ಮಿಶ್ರಣ, ಚೌಕಾಶಿಯಿಲ್ಲದೆ.

ಗಾಡಿ ಈಗಾಗಲೇ ಹೀಟ್ ಆಗುತ್ತಿದ್ದರೆ ಯಾವ ಡಬ್ಬಿಯನ್ನೂ ಕೊಳ್ಳಬೇಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಏರಿ, ರಸ್ತೆ ಬಿಡುವಾದ ಕೂಡಲೇ ಇಳಿದರೆ ಫ್ಯಾನ್, ಅದರ ರಿಲೇ ಅಥವಾ ಸೆನ್ಸರ್ ನೋಡಿಸಿ. ಹೆದ್ದಾರಿಯ ವೇಗದಲ್ಲೇ ಏರಿದರೆ ರೇಡಿಯೇಟರ್ ಕಟ್ಟಿರಬಹುದು, ವಾಟರ್ ಪಂಪ್ ಸವೆದಿರಬಹುದು, ಥರ್ಮೋಸ್ಟಾಟ್ ಅರ್ಧಕ್ಕೆ ಸಿಕ್ಕಿರಬಹುದು. ಹೊರಗೆಲ್ಲೂ ಸೋರದೆ ಕೂಲಂಟ್ ಮಾಯವಾಗುತ್ತಿದ್ದರೆ, ರಿಸರ್ವ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿದ್ದರೆ, ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದೇ ತಿಳಿದು ಗಾಡಿ ನಿಲ್ಲಿಸಿ. ಆ ಹೊತ್ತಿಗೆ ಅಂಗಡಿಯವರು ತೋರಿಸುವ ಸ್ಟಾಪ್ ಲೀಕ್ ಪುಡಿ ಸೋರುವ ಜಾಗದ ಜೊತೆಗೆ ಹೀಟರಿನ ಸಣ್ಣ ಕೊಳವೆಗಳನ್ನೂ ರೇಡಿಯೇಟರಿನ ತೆಳು ನಳಿಗೆಗಳನ್ನೂ ಮುಚ್ಚುತ್ತದೆ. ಆಮೇಲೆ ಗ್ಯಾಸ್ಕೆಟ್ ಜೊತೆ ರೇಡಿಯೇಟರನ್ನೂ ಬದಲಿಸಬೇಕಾಗುತ್ತದೆ.